ಅನುಭವ ಇದೆ ಎಂದ ಮಾತ್ರಕ್ಕೆ ಮಾತು ನಂಬಬೇಕೇ?

ವಿಟ್ಲದ ಕೃಷಿಕ

ಸಹಕಾರಿ ಸಂಘದ ಸಭೆ ಇರಲಿ, ಮದುವೆ ಮನೆಯ ಚಪ್ಪರ ಇರಲಿ, ಅಡಿಕೆಯ ಮಾತು ಬಂತೆಂದರೆ ಕೊನೆಗೆ ಒಂದು ವಾಕ್ಯ ಬಂದು ಎಲ್ಲರ ಬಾಯಿ ಮುಚ್ಚಿಸುತ್ತದೆ: "ನೀನು ಹುಟ್ಟುವ ಮೊದಲಿನಿಂದ ನಾನು ತೋಟ ನೋಡುತ್ತಿದ್ದೇನೆ." ಅಲ್ಲಿಗೆ ಚರ್ಚೆ ಮುಗಿಯಿತು. ಹೇಳಿದ ವಿಷಯ ಸರಿಯೋ ತಪ್ಪೋ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಪದ್ಧತಿ ನಮಗೆ ನಷ್ಟ ತರುತ್ತಿದೆ.

ಮಳೆಗಾಲದಲ್ಲಿ ಅಡಿಕೆಯ ಕಾಯಿ ಕೊಳೆತು ಉದುರುವ ಕೊಳೆರೋಗವನ್ನೇ ತೆಗೆದುಕೊಳ್ಳಿ. ನಮ್ಮ ಆಚೀಚೆ ಮೂವರು ಹಿರಿಯ ಕೃಷಿಕರಿದ್ದಾರೆ. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು ಎಂದು ಒಬ್ಬರು. ನಾಲ್ಕು ಮಳೆ ಬಿದ್ದು ಗೊನೆ ತೊಳೆದ ಮೇಲೆ ಬಿಟ್ಟರಷ್ಟೇ ಮದ್ದು ಹಿಡಿಯುತ್ತದೆ ಎಂದು ಇನ್ನೊಬ್ಬರು. ಸುಣ್ಣ ಎಷ್ಟು ಹೆಚ್ಚಾದರೂ ಒಳ್ಳೆಯದೇ, ಅಳತೆ ನೋಡುತ್ತಾ ಕೂರಬೇಡಿ ಎಂದು ಮೂರನೆಯವರು. ಮೂವರಿಗೂ ತಲೆ ನರೆತಿದೆ, ಮೂವರದೂ ಪ್ರಾಮಾಣಿಕ ಮಾತು. ಅನುಭವವೊಂದೇ ಸಾಕ್ಷಿ ಎಂದಾದರೆ ಒಂದಕ್ಕೊಂದು ವಿರುದ್ಧವಾದ ಈ ಮಾತುಗಳೆಲ್ಲ ಒಟ್ಟಿಗೆ ಸರಿಯಾಗಬೇಕಲ್ಲವೇ?

"ಬೇಕಾದರೆ ನನ್ನ ತೋಟ ಬಂದು ನೋಡಿ" ಎನ್ನುತ್ತಾರೆ. ನೋಡಿದ್ದೇನೆ, ಮೂರೂ ಒಳ್ಳೆಯ ತೋಟಗಳೇ. ಆದರೆ ಮೂವರೂ ಇಡೀ ತೋಟಕ್ಕೆ ಒಂದೇ ಕ್ರಮದಲ್ಲಿ ಮದ್ದು ಬಿಟ್ಟವರು. ಬೇರೆ ಕ್ರಮದಲ್ಲಿ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ದಾರಿಯನ್ನೇ ಅವರು ಇಟ್ಟುಕೊಂಡಿಲ್ಲ. ಕೊಳೆ ಬಾರದ ವರ್ಷ ಮದ್ದಿಗೆ ಹೆಸರು, ಬಂದ ವರ್ಷ ಮಳೆಗೆ ಬೈಗುಳ.

ಬೋರ್ಡೋ ದ್ರಾವಣ ಹುಟ್ಟಿದ್ದೂ ಹೀಗೆಯೇ ಒಂದು ತೋಟದ ಬದಿಯಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ನೀಲಿ ಕಲೆ ಕಂಡರೆ ವಿಷವೆಂದು ಹೆದರಿ ಯಾರೂ ಕೈ ಹಾಕುತ್ತಿರಲಿಲ್ಲ. 1882ರಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ ರಸ್ತೆ ಬದಿಯ ಸಾಲುಗಳಲ್ಲಿ ಎಲೆ ಹಸಿರಾಗಿ ಉಳಿದಿರುವುದನ್ನೂ ಒಳಗಿನ ಸಾಲುಗಳು ಬೂಜುರೋಗಕ್ಕೆ ಎಲೆ ಉದುರಿಸಿ ನಿಂತಿರುವುದನ್ನೂ ಕಂಡರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮದ್ದು ಬೆಳೆಗಾರರ ಕೈಯಲ್ಲೇ ಇತ್ತು, ಎರಚುವ ಅಭ್ಯಾಸವೂ ಇತ್ತು. ಈ ಸಾಲು ಹೀಗೇಕೆ, ಆ ಸಾಲು ಹಾಗೇಕೆ ಎಂದು ಕೇಳಿ ಪರೀಕ್ಷೆಗೆ ಒಡ್ಡಿದ ಮೇಲಷ್ಟೇ ಅದು ಲೋಕಕ್ಕೆ ಮದ್ದಾಯಿತು. ನಮ್ಮ ಕೊಳೆರೋಗಕ್ಕೂ ಅದು ಆಗುತ್ತದೆ ಎಂದು ತೋರಿಸಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದವರೇನೂ ಅಲ್ಲ.

ನಿಮ್ಮೆಲ್ಲರ ಅಭಿಪ್ರಾಯ ಬೇಕು. ವಯಸ್ಸಿಗೆ ಮರ್ಯಾದೆ ಕೊಡೋಣ. ವಾದಕ್ಕೂ ಅದೇ ಅಳತೆಗೋಲು ಆಗಬೇಕೇ?

ಮಲ್ಪೆ ಬಂದರು

ಕೃಷಿಕರೇ, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ಕಡಲಿನವರ ಪಾಡು ಬೇರೆ. ನಮಗೆ ಅನುಭವ ಹೆಚ್ಚಾಗಿ ತೊಂದರೆಯಾದದ್ದಿಲ್ಲ, ನಮ್ಮ ಅನುಭವವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ತೊಂದರೆಯಾಗಿದೆ. ಸಭೆಗೆ ಕರೆಯುತ್ತಾರೆ, ಚಹಾ ಕೊಡುತ್ತಾರೆ, ಪರದೆಯ ಮೇಲೆ ನಕ್ಷೆ ತೋರಿಸುತ್ತಾರೆ. ಕೈರಂಪಣಿ ಬಲೆ ಎಳೆದು ಬೆರಳು ಸವೆದವನು ಎದ್ದು ನಿಂತು ದಡದ ಹತ್ತಿರ ಬೂತಾಯಿ ಮೀನು ಬರುವ ಕಾಲ ಬದಲಾಗಿದೆ ಎಂದರೆ, ಅದಕ್ಕೆ ದಾಖಲೆ ಏನಿದೆ ಎಂದು ಕೇಳುತ್ತಾರೆ. ದಾಖಲೆ ಇಡುವುದು ಯಾರ ಕೆಲಸ?

ಕೆನಡಾದ ಉದಾಹರಣೆ ನೀವು ಕೊಟ್ಟಿರಿ, ನಾನೂ ಅಲ್ಲಿನದೇ ಕೊಡುತ್ತೇನೆ. ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಎಂಬ ಮೀನೇ ಜನರ ಜೀವನವಾಗಿತ್ತು. 1980ರ ದಶಕದಲ್ಲಿ ದಡದ ಸಮೀಪ ಸಣ್ಣ ದೋಣಿಯಲ್ಲಿ ಹೋಗುವವರು, ಮೀನು ಕಡಿಮೆಯಾಗುತ್ತಿದೆ, ಸಿಗುವುದೂ ಸಣ್ಣ ಸಣ್ಣದು ಎಂದು ಕೂಗಿ ಹೇಳಿದರು. ಸರ್ಕಾರದ ವಿಜ್ಞಾನಿಗಳು ದೊಡ್ಡ ಟ್ರಾಲರ್‌ಗಳಿಗೆ ಸಿಕ್ಕಿದ ಮೀನನ್ನು ಬಹುವಾಗಿ ನಂಬಿ, ಕಡಲಿನಲ್ಲಿ ಮೀನು ಬೇಕಾದಷ್ಟಿದೆ ಎಂದು ಲೆಕ್ಕ ಹಾಕಿದರು. 1992ರ ಜುಲೈಯಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಓದಿದವರ ಲೆಕ್ಕ ಸೋತಿತು, ದೋಣಿಯವರ ಮಾತು ನಿಜವಾಯಿತು.

ಹಾಗಾಗಿ "ಅನುಭವ ಮಾತ್ರ ಸಾಲದು" ಎನ್ನುವ ಮೊದಲು, ಯಾರ ಅನುಭವಕ್ಕೆ ಇದುವರೆಗೆ ಕಿವಿ ಸಿಕ್ಕಿದೆ ಎಂದು ನೋಡಿ.

ಬಿಜೈಯ ಓದುಗ

ವಯಸ್ಸು ಮತ್ತು ಅನುಭವ ಒಂದೇ ಅಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಒಂದೇ ವರ್ಷವನ್ನು ಮೂವತ್ತು ಸಲ ಕಳೆದವರು ನಮ್ಮ ಕಚೇರಿಯಲ್ಲೂ ಇದ್ದಾರೆ.

ವಿಟ್ಲದ ಕೃಷಿಕ

ಮಲ್ಪೆಯವರೇ, ಒಳ್ಳೆಯ ಉದಾಹರಣೆ. ಆದರೆ ಇನ್ನೊಂದು ಬದಿಯನ್ನೂ ನೋಡಿ. ಆ ದೊಡ್ಡ ಟ್ರಾಲರ್‌ಗಳ ತಾಂಡೇಲರೂ (ದೋಣಿ ನಡೆಸುವವರೂ) ಕಡಲಿನಲ್ಲೇ ಬೆಳೆದವರು. ಅವರ ಬಲೆ ತುಂಬುತ್ತಲೇ ಇತ್ತು, ಯಾಕೆಂದರೆ ಉಳಿದ ಮೀನು ಒಂದೆಡೆ ಗುಂಪುಗೂಡಿತ್ತು, ಅದನ್ನು ಹುಡುಕುವ ಯಂತ್ರ ಅವರಲ್ಲಿತ್ತು. "ಮೀನಿಗೆ ಬರ ಇಲ್ಲ" ಎಂದು ಅವರು ತಮ್ಮ ಅನುಭವದಿಂದಲೇ ಹೇಳಬಹುದಿತ್ತು. ಅಲ್ಲಿಯೂ ಎರಡು ಅನುಭವಗಳು ಎದುರುಬದುರಾಗಿದ್ದವು. ಯಾವುದನ್ನು ನಂಬಬೇಕು ಎಂದು ತೀರ್ಮಾನಿಸಲು ಅನುಭವದ ಹೊರಗಿನ ಒಂದು ಅಳತೆ ಬೇಕೇ ಬೇಕಾಗಿತ್ತು: ಮೀನಿನ ಗಾತ್ರ, ಸಿಗುವ ಜಾಗ, ಅದಕ್ಕೆ ತಗಲುವ ಹೊತ್ತು.

ಉಡುಪಿಯ ಶುಶ್ರೂಷಕಿ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಈ ಚರ್ಚೆ ನನಗೆ ದಿನನಿತ್ಯದ್ದು.

ನಮ್ಮ ಕಡೆ ಕಾಮಾಲೆ ಬಂದರೆ ಅರ್ಧಕ್ಕರ್ಧ ಜನ ಮೊದಲು ಹಸಿಮದ್ದು ಕೊಡುವವರ ಮನೆಗೆ ಹೋಗುತ್ತಾರೆ. ಅಲ್ಲಿ ಅಜ್ಜಿಯೋ ಅಜ್ಜನೋ ಬೆಳಗ್ಗೆ ಬರಿಹೊಟ್ಟೆಗೆ ಸೊಪ್ಪು ಅರೆದು ಕೊಡುತ್ತಾರೆ, ಎಣ್ಣೆ ಮುಟ್ಟಬೇಡಿ, ಗಂಜಿ ಕುಡಿಯಿರಿ ಎನ್ನುತ್ತಾರೆ. ದುಡ್ಡಿಗಾಗಿ ಮಾಡುವವರಲ್ಲ, ಎಷ್ಟೋ ಮನೆಗಳಲ್ಲಿ ವೀಳ್ಯದೆಲೆ ಇಟ್ಟು ನಮಸ್ಕರಿಸಿದರೆ ಸಾಕು. "ನನ್ನ ಕೈಯಿಂದ ಸಾವಿರಾರು ಜನ ಗುಣವಾಗಿದ್ದಾರೆ" ಎಂದು ಅವರು ಹೇಳುವುದು ಸುಳ್ಳಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ.

ಆದರೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮದ್ದಿಲ್ಲದೆಯೂ ಬಹುತೇಕ ಮಂದಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಸೊಪ್ಪು ಕುಡಿದವರೂ ಗುಣವಾಗುತ್ತಾರೆ, ಕುಡಿಯದವರೂ ಗುಣವಾಗುತ್ತಾರೆ. ಕುಡಿಯದವರು ಅಜ್ಜಿಯ ಜಗಲಿಗೆ ಬರುವುದಿಲ್ಲವಾದ್ದರಿಂದ ಅಜ್ಜಿಗೆ ಅವರು ಕಾಣುವುದಿಲ್ಲ. ಕಾಯಿಲೆ ಹೆಚ್ಚಾಗಿ ನಮ್ಮ ವಾರ್ಡಿಗೆ ಬಂದವರೂ ಮರಳಿ ಹೋಗಿ ಅಜ್ಜಿಗೆ ಸುದ್ದಿ ಹೇಳುವುದಿಲ್ಲ. ಹಾಗಾಗಿ ಅವರ ಅನುಭವ ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ, ತಿಳಿವಳಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಇದರಿಂದ ಅಪಾಯ ಎಲ್ಲಿ ಎಂದರೆ, ಕಣ್ಣು ಹಳದಿಯಾಗುವುದೆಲ್ಲ ಒಂದೇ ಕಾಯಿಲೆಯಲ್ಲ. ಮಳೆಗಾಲದಲ್ಲಿ ಗದ್ದೆ, ತೋಡಿನ ನೀರಿಗೆ ಬರಿಗಾಲಲ್ಲಿ ಇಳಿದವರಿಗೆ ಇಲಿಜ್ವರ ಬರುತ್ತದೆ. ಜೋರು ಜ್ವರ, ಮೀನಖಂಡ ಹಿಡಿದರೆ ಕಿರುಚುವಷ್ಟು ನೋವು, ಕೆಂಗಣ್ಣು, ಆಮೇಲೆ ಹಳದಿ. ಬೇಗ ಬಂದರೆ ಡಾಕ್ಸಿಸೈಕ್ಲಿನ್, ಪೆನ್ಸಿಲಿನ್‌ನಂತಹ ಸಾಮಾನ್ಯ ಔಷಧಿಗಳಿಂದ ಗುಣಪಡಿಸಬಹುದು. ಸೊಪ್ಪಿನ ಪಥ್ಯದಲ್ಲಿ ವಾರ ಕಳೆದು ಬಂದರೆ ಮೂತ್ರಪಿಂಡ ಕೈಕೊಟ್ಟಿರುತ್ತದೆ. ದಯವಿಟ್ಟು ಜ್ವರದೊಂದಿಗೆ ಹಳದಿ ಕಂಡರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಇದನ್ನು ನಾಟಿ ವೈದ್ಯರ ಮೇಲಿನ ದೂರು ಎಂದು ಓದಬೇಡಿ. ನಮ್ಮವರಿಗೂ ಇದು ಅನ್ವಯಿಸುತ್ತದೆ. ವೈದ್ಯರ ಸೇವಾವಧಿ ಮತ್ತು ಚಿಕಿತ್ಸೆಯ ಗುಣಮಟ್ಟದ ಬಗ್ಗೆ ನಡೆದ 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವಿಮರ್ಶೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ, ವರ್ಷ ಹೆಚ್ಚಾದಂತೆ ಗುಣಮಟ್ಟ ಇಳಿದದ್ದು ಕಂಡಿತ್ತು. ಹಳೆಯದನ್ನೇ ಹಿಡಿದುಕೊಂಡು ಹೊಸದನ್ನು ಓದದಿದ್ದರೆ ಬಿಳಿ ಕೋಟು ಹಾಕಿದವರೂ ಅದೇ ಜಗಲಿಯಲ್ಲಿ ಕೂತಂತೆ.

ಕೊಕ್ಕಡದ ಕಡೆಯವಳು

ಶುಶ್ರೂಷಕಿ ಅಕ್ಕ, ನೀವು ಹೇಳಿದ್ದು ಸರಿ ಇರಬಹುದು. ಆದರೆ "ನಿಮ್ಮ ಅನುಭವ ಸಾಕ್ಷಿಯಾಗುವುದಿಲ್ಲ" ಎಂಬ ಮಾತು ನಮ್ಮ ಊರಿನ ತಾಯಂದಿರ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಗೊತ್ತೇ?

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬಾವಿಗೂ ಬಿತ್ತು, ಒಣಹಾಕಿದ ಬಟ್ಟೆಗೂ ಬಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲಿ ಕುತ್ತಿಗೆ ನಿಲ್ಲದ ಮಕ್ಕಳು ಹುಟ್ಟಿದರು. ಜೇನುನೊಣ ಸತ್ತಿತು, ಬಾವಿಯ ಮೀನು ತೇಲಿತು ಎಂದು ಮೊದಲು ಕಂಡವರು ಊರಿನವರು. ಹೇಳಿದಾಗ ಸಿಕ್ಕಿದ ಉತ್ತರ: ಪುರಾವೆ ಎಲ್ಲಿದೆ? ಮೂವತ್ತು ವರ್ಷ ದಾಟಿದ ಮಗನನ್ನು ಇವತ್ತಿಗೂ ಎತ್ತಿಕೊಂಡು ಸ್ನಾನ ಮಾಡಿಸುವ ತಾಯಿಯ ಮುಂದೆ ಕೂತು ಪುರಾವೆ ಕೇಳುವುದು ಎಷ್ಟು ಸುಲಭ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಡುವವರೆಗೂ ದೇಶದಲ್ಲಿ ಅದನ್ನು ಮಾರುತ್ತಿದ್ದರು.

ಅನುಭವವನ್ನು ಪರೀಕ್ಷಿಸಬೇಕು ಎನ್ನುವವರು ಮೊದಲು ಬಂದು ಪರೀಕ್ಷಿಸಲಿ. ಪರೀಕ್ಷೆಯನ್ನೂ ಮಾಡದೆ, ಮಾತನ್ನೂ ನಂಬದೆ ಇರುವುದಕ್ಕೆ ಏನು ಹೆಸರು?

ಮಲ್ಪೆ ಬಂದರು

ಇದನ್ನೇ ನಾನು ಹೇಳಲು ಹೊರಟದ್ದು.

ವಿಟ್ಲದ ಕೃಷಿಕ

ತಂಗಿ, ನಿಮ್ಮ ಕೊನೆಯ ಸಾಲಿಗೆ ನನ್ನಲ್ಲಿ ವಿರೋಧವಿಲ್ಲ. ಪರೀಕ್ಷಿಸುವ ಶಕ್ತಿ ಇದ್ದವರು ಕೈಕಟ್ಟಿ ಕೂತು ಪುರಾವೆ ಕೇಳಿದರೆ ಅದು ಅನ್ಯಾಯವೇ.

ಆದರೂ ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು ಎನ್ನುತ್ತೇನೆ. ನನಗೆ ಏನಾಯಿತು, ನನ್ನ ಮನೆಯಲ್ಲಿ ಏನಾಯಿತು ಎಂಬ ವಿಷಯದಲ್ಲಿ ಅನುಭವಿಸಿದವರ ಮಾತೇ ಮೊದಲ ಮಾತು. ಅದನ್ನು ಹೊರಗಿನವರು ಅಲ್ಲಗಳೆಯುವಂತಿಲ್ಲ. ಯಾವುದರಿಂದ ಆಯಿತು ಎಂಬಲ್ಲಿಗೆ ಬಂದರೆ ಹೋಲಿಕೆ ಬೇಕಾಗುತ್ತದೆ. ನಿಮ್ಮ ಹೋರಾಟಕ್ಕೆ ಬಲ ಬಂದದ್ದೂ ಅದರಿಂದ. ನಮ್ಮಿಂದ ಗಡಿ ದಾಟಿದರೆ ಸಿಗುವ ಕಾಸರಗೋಡಿನ ಪಡ್ರೆ ಗ್ರಾಮಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಸಿಂಪಡಣೆಯಾದ ಪ್ರದೇಶದ 117 ಶಾಲಾ ಬಾಲಕರನ್ನೂ, ಸಿಂಪಡಣೆಯಾಗದ ಪ್ರದೇಶದ 90 ಬಾಲಕರನ್ನೂ ಪರೀಕ್ಷಿಸಿದರು. ಸಿಂಪಡಣೆಯಾದ ಕಡೆಯ ಬಾಲಕರ ರಕ್ತದಲ್ಲಿ ವಿಷದ ಅಂಶ ಹೆಚ್ಚಿತ್ತು, ಅವರಲ್ಲಿ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿತ್ತು ಎಂದು 2003ರಲ್ಲಿ ಪ್ರಕಟಿಸಿದರು. ಊರಿನವರು ಕಂಡದ್ದು ಅವರನ್ನು ಅಲ್ಲಿಗೆ ಕರೆತಂದಿತು. ಆ 90 ಬಾಲಕರು ಇಲ್ಲದಿದ್ದರೆ, ಇದೆಲ್ಲ ಬಡತನದಿಂದ, ರಕ್ತಸಂಬಂಧದ ಮದುವೆಯಿಂದ ಎಂದು ಹೇಳಿ ಜಾರಿಕೊಳ್ಳುವುದು ಇನ್ನೂ ಸುಲಭವಾಗುತ್ತಿತ್ತು.

ರಥಬೀದಿ

ಉಡುಪಿಯಲ್ಲಿ ಕೂತು ಈ ಚರ್ಚೆ ಮಾಡುವಾಗ ಮಧ್ವಾಚಾರ್ಯರನ್ನು ಬಿಟ್ಟರೆ ಹೇಗೆ? ಪ್ರತ್ಯಕ್ಷ (ಕಂಡದ್ದು), ಅನುಮಾನ (ಕಂಡದ್ದರಿಂದ ಊಹಿಸಿದ್ದು), ಆಗಮ (ಶಬ್ದ, ಶಾಸ್ತ್ರದ ಮಾತು) ಎಂದು ಅವರು ಮೂರು ಪ್ರಮಾಣಗಳನ್ನು, ಅಂದರೆ ತಿಳಿಯುವ ದಾರಿಗಳನ್ನು, ಒಪ್ಪುತ್ತಾರೆ. ಪ್ರಮಾಣಲಕ್ಷಣ ಎಂಬ ಗ್ರಂಥದಲ್ಲಿ ಮೂರಕ್ಕೂ ಒಂದೇ ಷರತ್ತು ಹಾಕಿದ್ದಾರೆ: ದೋಷ ಇರಬಾರದು. ಕಣ್ಣಿನಿಂದ ನೋಡಿದೆ ಎಂದರೆ ಸಾಲದು, ಇಂದ್ರಿಯದಲ್ಲೂ ವಸ್ತುವಿನಲ್ಲೂ ದೋಷವಿಲ್ಲದೆ ನೋಡಿರಬೇಕು. ಕಾಮಾಲೆಯ ಅಜ್ಜಿ ಕಂಡದ್ದರಲ್ಲಿ ದೋಷವಿರಲಿಲ್ಲ. ಕಂಡದ್ದರಿಂದ ಅವರು ಮಾಡಿದ ಊಹೆಯಲ್ಲಿ ದೋಷವಿತ್ತು.

ನ್ಯಾಯ ದರ್ಶನದವರು ಆಪ್ತನ ಮಾತನ್ನು ಪ್ರಮಾಣ ಎಂದರು. ಯಾರು ಆಪ್ತ? ವಾತ್ಸ್ಯಾಯನರ ಭಾಷ್ಯದ ಪ್ರಕಾರ, ವಿಷಯವನ್ನು ಸಾಕ್ಷಾತ್ತಾಗಿ ತಿಳಿದವನು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಬೇಕೆಂಬ ಇಚ್ಛೆಯಿಂದ ಹೇಳುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಕುಲದ ಮಾತಿಲ್ಲ, ವಯಸ್ಸಿನ ಮಾತಿಲ್ಲ. ಕೊಕ್ಕಡದ ತಾಯಿ ಈ ಲಕ್ಷಣಕ್ಕೆ ಪೂರ್ತಿ ಒಪ್ಪುತ್ತಾಳೆ. ಅವಳ ಮಾತನ್ನು ತಳ್ಳಿದವರಿಗೆ ಶಾಸ್ತ್ರದ ಬೆಂಬಲವೂ ಇಲ್ಲ.

ಸುರತ್ಕಲ್ ಎಂಜಿನಿಯರ್

ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರಲ್ಲಿ ಒಬ್ಬರು ಪರಿಣತರ ಅಂತಃಪ್ರಜ್ಞೆಯನ್ನು ಅನುಮಾನಿಸುವವರು, ಇನ್ನೊಬ್ಬರು ಮೆಚ್ಚುವವರು. 2009ರಲ್ಲಿ ಒಟ್ಟಿಗೆ ಕೂತು ಬರೆದಾಗ ಇಬ್ಬರೂ ಒಪ್ಪಿದ್ದು ಎರಡು ವಿಷಯ. ಕೆಲಸದಲ್ಲಿ ಒಂದು ನಿಯತವಾದ ಕ್ರಮ ಇರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂದು ಮಾಡಿದವನಿಗೆ ತಿಳಿಯುತ್ತಿರಬೇಕು. ಇವೆರಡೂ ಇದ್ದಲ್ಲಿ ಅನುಭವಿಯ ಮಾತಿಗೆ ಬೆಲೆ ಇದೆ. ಶುಶ್ರೂಷಕಿಯವರು ಹೇಳಿದ ಅಜ್ಜಿಗೆ ಎರಡನೆಯದು ಇರಲಿಲ್ಲ.

ಬಾಯಾರಿನ ಬದಿ

ಎಂಜಿನಿಯರರು ಹೇಳಿದ್ದಕ್ಕೆ ನಮ್ಮ ಸುರಂಗಗಳೇ ಸಾಕ್ಷಿ. ನೀರಿಗಾಗಿ ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಸುರಂಗ ಕೊರೆಯುವವರನ್ನು ನೋಡಿದ್ದೀರಾ? ಒಬ್ಬ ಕೂತು ಕೊರೆಯುವಷ್ಟೇ ಜಾಗ, ಚಿಮಣಿಯ ಬೆಳಕು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡುತ್ತಾರೆ, ಗೋಡೆಗೆ ಅಂಗೈ ಇಟ್ಟು ತಣ್ಣಗಿದೆಯೇ ಎಂದು ನೋಡುತ್ತಾರೆ. ಊಹೆ ತಪ್ಪಿದರೆ ಅವರದೇ ಬೆವರು ನಷ್ಟ, ಮೇಲಿನ ಮಣ್ಣು ಕುಸಿದರೆ ಅವರದೇ ಪ್ರಾಣ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲಿನವು ನೀರು ಕೊಡಲಿಲ್ಲ, ಆದರೂ ಬಿಡಲಿಲ್ಲ, ಕೊನೆಗೆ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಬಂತು. ನೀರು ಎಲ್ಲಿದೆ ಎಂದು ಅವರು ಹೇಳಿದರೆ ನಾನು ಎರಡನೇ ಮಾತಿಲ್ಲದೆ ಕೇಳುತ್ತೇನೆ, ಯಾಕೆಂದರೆ ಗುಡ್ಡ ಅವರಿಗೆ ಹಲವು ಸಲ "ಇಲ್ಲ" ಎಂದು ಹೇಳಿದೆ.

ಕಡ್ಡಿ ಹಿಡಿದು ಕೊಳವೆಬಾವಿಗೆ ಜಾಗ ತೋರಿಸುವವರ ಕಥೆ ಹಾಗಲ್ಲ. ನೀರು ಬಂದರೆ ಅವರ ಹೆಸರು, ಬಾರದಿದ್ದರೆ ನಮ್ಮ ಯೋಗ. ಬಾರದ ಬಾವಿಯ ಲೆಕ್ಕ ಅವರ ಬಳಿ ಇರುವುದೇ ಇಲ್ಲ.

ಗಂಗೊಳ್ಳಿಯ ಹುಡುಗ

ಮೀನಿನ ಬಗ್ಗೆ ಒಂದು ಮಾತು. ಅಜ್ಜ ಹೇಳುವ ಒಳ್ಳೆಯ ವರ್ಷ ಬೇರೆ, ಅಪ್ಪ ಹೇಳುವುದು ಬೇರೆ, ನಮ್ಮ ಪ್ರಾಯದವರು ಹೇಳುವುದು ಬೇರೆ. ತಾನು ಕಸುಬಿಗೆ ಇಳಿದಾಗ ಇದ್ದದ್ದೇ ಸಹಜ ಎಂದು ಪ್ರತಿಯೊಬ್ಬರೂ ತಿಳಿದಿರುತ್ತಾರೆ. ಡೇನಿಯಲ್ ಪೌಲಿ ಎಂಬ ಮೀನು ವಿಜ್ಞಾನಿ 1995ರಲ್ಲೇ ಇದನ್ನು ಬರೆದಿದ್ದಾರೆ. ಹಾಗಾಗಿ ಮೂವರ ಮಾತನ್ನೂ ವರ್ಷ ಸಮೇತ ಬರೆದಿಡಬೇಕು.

ಮಲ್ಪೆ ಬಂದರು

ಬರೆದಿಡಿ ಮಾರಾಯರೇ, ಖಂಡಿತ ಬರೆದಿಡಿ. ಆದರೆ ನನ್ನ ಆಕ್ಷೇಪ ಹಾಗೆಯೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟುವ ನಿಯಮವನ್ನು ನಾವು ಪಾಲಿಸುತ್ತೇವೆ. ಯಾವ ಮೀನು ಯಾವಾಗ ಮೊಟ್ಟೆ ಹೊತ್ತಿರುತ್ತದೆ ಎಂದು ಮೀನಿನ ಹೊಟ್ಟೆ ಸೀಳುವ ನಮ್ಮ ಹೆಂಗಸರನ್ನು ಕೇಳಿ ಬರೆದುಕೊಂಡವರನ್ನು ನಾನು ಕಂಡಿಲ್ಲ. ದಿನಾ ಬುಟ್ಟಿಗಟ್ಟಲೆ ಮೀನು ಅವರ ಕೈಯಲ್ಲಿ ಹಾದುಹೋಗುತ್ತದೆ. ನೀವೆಲ್ಲ ಹೇಳುವ ಆ ದಾಖಲೆ ಅವರ ಕತ್ತಿಯ ತುದಿಯಲ್ಲಿದೆ. ವಾದ ಗಟ್ಟಿಯಾಗಿರಬೇಕು ಎನ್ನುವವರು ಬೆಳಗ್ಗೆ ಐದು ಗಂಟೆಗೆ ಬಂದರಿಗೆ ಬರಬೇಕು.

ಉಡುಪಿಯ ಶುಶ್ರೂಷಕಿ

ಅಣ್ಣ, ಇದು ಬಹಳ ಒಳ್ಳೆಯ ಸೂಚನೆ. ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಪುತ್ತೂರಿಗೆ ಮರಳಿದವನು

ಬೆಂಗಳೂರು ಬಿಟ್ಟು ಅಪ್ಪನ ತೋಟ ನೋಡಿಕೊಳ್ಳಲು ಬಂದಿದ್ದೇನೆ. ಎಲ್ಲ ಓದಿದೆ. ನನಗೆ ನೇರವಾಗಿ ಹೇಳಿ: ಊರಿನ ಹಿರಿಯರಲ್ಲಿ ಯಾರ ಮಾತನ್ನು, ಯಾವ ವಿಷಯದಲ್ಲಿ ಕೇಳಲಿ?

ವಿಟ್ಲದ ಕೃಷಿಕ

ಮರ ಹತ್ತುವವರು "ಈ ಮರ ಬೇಡ" ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ. ಕಾಂಡದ ಸದ್ದು, ತುದಿಯ ಬಾಗು ಅವರಿಗೆ ಗೊತ್ತು.

ಬೋರ್ಡೋ ಪಾಕದ ಹದವನ್ನು ಹಿರಿಯರಿಂದಲೇ ಕಲಿಯಿರಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಎಲ್ಲೆಡೆ ಬರೆದಿರುತ್ತದೆ, ಆದರೆ ಸುಣ್ಣದ ಗುಣ ಪ್ರತಿ ಸಲ ಒಂದೇ ಇರುವುದಿಲ್ಲ. ಅವರು ಕತ್ತಿಯನ್ನು ಪಾಕದಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಕೂತಿದ್ದರೆ ತಾಮ್ರ ಇನ್ನೂ ಬಿಡುಗಡೆಯಾಗಿಯೇ ಇದೆ, ಎಳೆಕಾಯಿ ಸುಡುತ್ತದೆ, ಸುಣ್ಣದ ತಿಳಿ ಸೇರಿಸಬೇಕು ಎಂದರ್ಥ. ಕತ್ತಿ ಆಗಲೇ ಉತ್ತರ ಹೇಳಿಬಿಡುತ್ತದೆ, ಹಾಗಾಗಿ ಆ ಕೈಗಳ ಅನುಭವ ನಂಬಲು ಯೋಗ್ಯ. ಕಬ್ಬಿಣದ ಪಾತ್ರೆಯಲ್ಲಿ ಕಲಸಬೇಡಿ, ಅಂದಿನದು ಅಂದೇ ಮುಗಿಸಿ.

ಮದ್ದು ಬಿಡುವ ಕಾಲ, ಗೊಬ್ಬರದ ಪ್ರಮಾಣ, ಹಳದಿ ಎಲೆ ರೋಗಕ್ಕೆ ಇಂಥದ್ದು ರಾಮಬಾಣ ಎಂಬ ಮಾತು ಬಂದಾಗ ತಲೆಯಾಡಿಸುವ ಮೊದಲು ಎರಡು ಪ್ರಶ್ನೆ ಕೇಳಿ. ಯಾವ ವರ್ಷ ಇದು ಕೈಕೊಟ್ಟಿತು? ಮಾಡದೆ ಬಿಟ್ಟ ಮರಗಳು ಎಲ್ಲಿವೆ? ಎರಡಕ್ಕೂ ತಡವರಿಸದೆ ಉತ್ತರ ಕೊಡುವ ಹಿರಿಯರು ಸಿಕ್ಕಿದರೆ ಅವರ ಜಗಲಿ ಬಿಡಬೇಡಿ. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ, ಅಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳಿ. ಮೊದಲ ಸಿಂಪಡಣೆ ಮಳೆಗೆ ಮೊದಲು, ಎರಡನೆಯದು 40–45 ದಿನ ಬಿಟ್ಟು ಎಂಬುದು ಅವರ ಶಿಫಾರಸು.

ಪುತ್ತೂರಿಗೆ ಮರಳಿದವನು

ಒಂದು ಮೂಲೆಯ ಕೆಲವು ಮರಗಳಿಗೆ ಮದ್ದು ಬಿಡದೆ ನೋಡೋಣ ಎಂದರೆ ಅಪ್ಪ ಒಪ್ಪುವುದಿಲ್ಲ.

ವಿಟ್ಲದ ಕೃಷಿಕ

ಮದ್ದೇ ಇಲ್ಲದೆ ಇರಿಸುವುದು ಬೇಡ, ಕೊಳೆ ಹಿಡಿದರೆ ಪಕ್ಕದವರ ತೋಟಕ್ಕೂ ಹಬ್ಬುತ್ತದೆ. ಅರ್ಧಕ್ಕೆ ಅಪ್ಪನ ಕ್ರಮ, ಅರ್ಧಕ್ಕೆ ಕೇಂದ್ರದವರ ಕ್ರಮ ಎಂದು ಹೇಳಿ ನೋಡಿ. ಮರಗಳಿಗೆ ಬಣ್ಣದ ಗುರುತು ಹಾಕಿ, ಉದುರಿದ ಕಾಯಿಗಳನ್ನು ಎರಡು ಬೇರೆ ಬುಟ್ಟಿಗಳಲ್ಲಿ ಹೆಕ್ಕಿ. ಹೆಕ್ಕುವ ಕೆಲಸ ಅಪ್ಪನೇ ಮಾಡಲಿ. ಮೇ ತಿಂಗಳೊಳಗೆ ಮಾತಾಡಿ ಮುಗಿಸಿ, ಮಳೆ ಹಿಡಿದ ಮೇಲೆ ಮದ್ದು ಬಿಡುವವರು ಸಿಗುವುದಿಲ್ಲ.